ಕಾಲು ಸುಟ್ಟ ಬೆಕ್ಕು, ಏಳು ಮನೆ

ಬಿಸಿಯೂಟದ ಅಡುಗೆಮನೆ, ನೀರಿನ ನಲ್ಲಿ, ನಲಿ-ಕಲಿ ಕೋಣೆಯ ಕಿಟಕಿ, ಮುಖ್ಯ ಗುರುಗಳ ಕುರ್ಚಿ, ಮತ್ತೆ ಅಡುಗೆಮನೆ: ಊಟದ ಗಂಟೆ ಹೊಡೆಯುವಷ್ಟರಲ್ಲಿ ಇಷ್ಟೂ ಕಡೆ ಎರಡೆರಡು ಸಲ ಸುತ್ತಿ ಬಂದ ಬೆಕ್ಕನ್ನು ನೋಡಿ ನಮ್ಮ ಅಡುಗೆಯ ಅಕ್ಕ, "ಇದೇನವ್ವಾ ಇದು, ಕಾಲ ಸುಟ್ಟ ಬೆಕ್ಕಿನಂಗ ತಿರಗಾಕತ್ತೈತಿ" ಎಂದು ನಕ್ಕರು. ಬೆಕ್ಕನ್ನೇ ಬೆಕ್ಕಿಗೆ ಹೋಲಿಸಿದ ಆ ಮಾತಿಗೆ ನಾನೂ ನಕ್ಕೆ. ಆದರೆ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಎರಡನೆಯ ಇಯತ್ತೆಯ ಹುಡುಗಿಯೊಬ್ಬಳಿಗೆ ನಗು ಬರಲಿಲ್ಲ. ಅವಳು ಗಾಬರಿಯಿಂದ ನನ್ನ ಮುಖ ನೋಡಿ, "ಅದರ ಕಾಲ ಯಾರ ಸುಟ್ಟಾರ್ರೀ ಅಕ್ಕೋರ?" ಎಂದು ಕೇಳಿದಳು.

ಯಾರೂ ಸುಟ್ಟಿಲ್ಲ, ಅದು ಹಾಗೆ ಹೇಳುವ ಒಂದು ಮಾತು ಎಂದರೆ ಅವಳಿಗೆ ಸಮಾಧಾನವಾಗಲಿಲ್ಲ. ಊಟವಾದ ಮೇಲೆ ಜಗಲಿಯ ನೆರಳಿನಲ್ಲಿ ಅಡ್ಡಾಗಿದ್ದ ಬೆಕ್ಕಿನ ಹತ್ತಿರ ಕುಳಿತು ಅದರ ಅಂಗಾಲುಗಳನ್ನು ಒಂದೊಂದಾಗಿ ಪರೀಕ್ಷಿಸಿದಳು. ಎರಡು ಅಂಗಾಲುಗಳು ಹುರಿಗಡಲೆಯ ಸಿಪ್ಪೆಯಂತೆ ಕಂದು, ಒಂದು ಪೂರ್ತಿ ಕಪ್ಪು, ನಾಲ್ಕನೆಯದರಲ್ಲಿ ಮಾತ್ರ ಹಸುಳೆಯ ತುಟಿಯಂಥ ನಸುಗೆಂಪು ಬೊಟ್ಟು. ಆ ನಸುಗೆಂಪು ಬೊಟ್ಟೇ ಸುಟ್ಟ ಗಾಯವೆಂದು ಅವಳು ತೀರ್ಮಾನಿಸಿಬಿಟ್ಟಳು. ತುಪ್ಪಳದ ಬಣ್ಣಕ್ಕೆ ತಕ್ಕಂತೆ ಅಂಗಾಲಿನ ಬಣ್ಣವೂ ಬದಲಾಗುತ್ತದೆ ಎಂದು ವಿವರಿಸುವುದಕ್ಕೆ ನನಗೆ ಒಂದು ಅವಧಿಯೇ ಹಿಡಿಯಿತು. ಮರುದಿನ ಅವಳು ಮತ್ತೆ ಕೇಳಿದಳು: ಹಾಗಾದರೆ ಅದು ಒಂದು ಕಡೆ ಕೂಡುವುದಿಲ್ಲವೇಕೆ?

ವಿಜಯಪುರದ ಹಳೆಯ ಕೋಟೆಗೋಡೆಯೊಳಗೆ, ಉಪ್ಪಲಿ ಬುರುಜಿನ ಮಗ್ಗುಲ ಓಣಿಯೊಂದರಲ್ಲಿರುವ ಸರ್ಕಾರಿ ಕನ್ನಡ ಶಾಲೆಯಲ್ಲಿ ನಾನು ಒಂದರಿಂದ ಮೂರನೆಯ ಇಯತ್ತೆಯವರೆಗಿನ ನಲಿ-ಕಲಿ ಮಕ್ಕಳಿಗೆ ಕಲಿಸುತ್ತೇನೆ. ಕಳೆದ ಜೂನಿನಲ್ಲಿ ಹೆಸರು ಹಚ್ಚದೆಯೇ ಶಾಲೆಗೆ ಸೇರಿಕೊಂಡ ಈ ಬೀದಿ ಬೆಕ್ಕಿನ ಬಗ್ಗೆ ಆ ಹುಡುಗಿಯ ಪ್ರಶ್ನೆಗೆ ಉತ್ತರವೆಂಬಂತೆ ನಾನೊಂದು ಮಕ್ಕಳ ಕಥೆ ಬರೆದೆ. ಬರೆದದ್ದು ಒಂದೇ ರಾತ್ರಿಯಲ್ಲಿ. ಅದನ್ನು ಮಕ್ಕಳು ತಿದ್ದಿದ್ದು ಹೆಚ್ಚುಕಡಿಮೆ ಒಂದು ಶಾಲಾ ವರ್ಷ. ನನ್ನ ಮೂಲ ಕಥೆಯಲ್ಲಿ ಈಗ ಉಳಿದಿರುವುದು ಬೆಕ್ಕು ಮಾತ್ರ.

ಆ ಮೊದಲ ಕಥೆಯನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಅನಾಥ ಬೆಕ್ಕೊಂದು ಗೋಳಗುಮ್ಮಟದ ಮುಂದೆ ಹುಟ್ಟುತ್ತದೆ. ಎಲ್ಲರೂ ಅದನ್ನು ಓಡಿಸುತ್ತಾರೆ. ಅದು ಗುಮ್ಮಟದ ಒಳಗೆ ಹೋಗಿ ಒಮ್ಮೆ ಕೂಗಿದರೆ ಆ ಕೂಗು ಮತ್ತೆ ಮತ್ತೆ ಮರುದನಿಗೊಂಡು, ತನ್ನಂಥ ಬೆಕ್ಕುಗಳು ಅಲ್ಲಿ ತುಂಬ ಇವೆಯೆಂದು ಅದಕ್ಕೆ ಭ್ರಮೆಯಾಗುತ್ತದೆ. ಅಲ್ಲಿಂದ ಬಾರಾ ಕಮಾನಿಗೆ, ಗಗನ ಮಹಲಿಗೆ, ಸಿದ್ಧೇಶ್ವರ ಗುಡಿಗೆ, ತಾಜ್ ಬಾವಡಿಗೆ, ಕೊನೆಗೆ ಇಬ್ರಾಹಿಂ ರೋಜಾಕ್ಕೆ ಹೋಗುತ್ತದೆ. ಮಳೆ ಬರುತ್ತದೆ. ಮಲಿಕ್-ಎ-ಮೈದಾನ್ ತೋಪಿನ ಬಾಯಿಯೊಳಗೆ ನಡುಗುತ್ತ ಕುಳಿತ ಬೆಕ್ಕನ್ನು ದಯಾಳುವಾದ ಹುಡುಗಿಯೊಬ್ಬಳು ಮನೆಗೆ ಒಯ್ದು ಬಟ್ಟಲು ತುಂಬ ಸಕ್ಕರೆ ಹಾಲು ಕೊಡುತ್ತಾಳೆ. ಬೆಕ್ಕು ಅಲ್ಲಿಯೇ ಉಳಿಯುತ್ತದೆ. ಪ್ರಾಣಿಗಳಿಗೆ ದಯೆ ತೋರಬೇಕು ಎಂಬ ಸಾಲನ್ನು ಕೆಳಗೆ ಗೆರೆ ಎಳೆದು ಬರೆದಿದ್ದೆ. ಗುಮ್ಮಟದ ಮರುದನಿಯ ಪ್ರಸಂಗದ ಬಗ್ಗೆ ನನಗೆ ಸ್ವಲ್ಪ ಹೆಮ್ಮೆಯೂ ಇತ್ತು. ಅದನ್ನು ಕೈಬಿಟ್ಟದ್ದಕ್ಕೆ ಇವತ್ತಿಗೂ ಸಣ್ಣ ಬೇಸರವಿದೆ.

ವೃತ್ತದಲ್ಲಿ ಕೂರಿಸಿ ಓದಿ ಹೇಳಿದಾಗ ಮೊದಲು ಕೈ ಎತ್ತಿದವನು ಟಾಂಗಾ ಹೊಡೆಯುವವರ ಮಗ. "ಅಷ್ಟ ದೂರ ಬೆಕ್ಕ ಹೋಗೂದಿಲ್ರೀ ಅಕ್ಕೋರ. ಗೋಳಗುಮ್ಮಟದಿಂದ ಇಬ್ರಾಹಿಂ ರೋಜಾಕ ಹೋಗಿ ಬಂದ್ರ ನಮ್ಮ ಕುದುರಿನೂ ದಣೀತೈತಿ" ಎಂದ. ಅವನ ಮಾತು ಸರಿಯಾಗಿತ್ತು. ಗೋಳಗುಮ್ಮಟ ಊರಿನ ಮೂಡಣ ಅಂಚಿನಲ್ಲಿದೆ, ಇಬ್ರಾಹಿಂ ರೋಜಾ ಪಡುವಣ ಕೋಟೆಗೋಡೆಯ ಆಚೆಗಿದೆ. ನಾನು ಬೆಕ್ಕನ್ನು ಹೊರಗಿನಿಂದ ಬಂದ ಪ್ರವಾಸಿಯಂತೆ ಊರು ತೋರಿಸಲು ಕರೆದೊಯ್ದಿದ್ದೆ. ಬೀದಿಯ ಹೆಣ್ಣು ಬೆಕ್ಕು, ಅದರಲ್ಲಿಯೂ ಊಟ ಸುಲಭವಾಗಿ ಸಿಗುವ ಜನವಸತಿಯಲ್ಲಿ ಇರುವಂಥದು, ಕೆಲವು ಓಣಿಗಳ ಒಳಗೇ ತನ್ನ ಸರಹದ್ದನ್ನು ಇಟ್ಟುಕೊಳ್ಳುತ್ತದೆ. ಅದರ ತಿರುಗಾಟ ನಮಗೆ ಗೊತ್ತುಗುರಿಯಿಲ್ಲದ್ದಾಗಿ ಕಂಡರೂ ಅದು ನಡೆಯುವುದು ಬಹುಮಟ್ಟಿಗೆ ಅದೇ ಗೋಡೆ, ಅದೇ ಸಂದು, ಅದೇ ಹೊತ್ತಿನಲ್ಲಿ. ಗೋಡೆಯ ಮೂಲೆಗೆ, ಬಾಗಿಲ ಚೌಕಟ್ಟಿಗೆ, ನಮ್ಮ ಕಾಲಿಗೆ ಕೆನ್ನೆ ಉಜ್ಜಿ ಅದು ತನ್ನ ವಾಸನೆಯನ್ನು ಬಿಟ್ಟು ಹೋಗುತ್ತದೆ. ಮರಳಿ ಬಂದಾಗ ಅದೇ ಅದಕ್ಕೆ ಗುರುತು. ಹೀಗಾಗಿ ಕಥೆಯ ಭೂಪಟ ಒಂದೇ ದಿನದಲ್ಲಿ ಉಪ್ಪಲಿ ಬುರುಜಿನಿಂದ ಮಲಿಕ್-ಎ-ಮೈದಾನ್ ಇರುವ ಶೇರ್ಜಾ ಬುರುಜಿನವರೆಗೆ ಕುಗ್ಗಿತು.

ತೋಪಿನ ಬಾಯಿಯ ಬಗ್ಗೆಯೂ ವಾದ ನಡೆಯಿತು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದ, ಸುಮಾರು 55 ಟನ್ ತೂಕದ ಆ ತೋಪಿನ ಮೂತಿಯನ್ನು ಆನೆಯನ್ನು ಅಗಿಯುತ್ತಿರುವ ಸಿಂಹದ ತಲೆಯಂತೆ ಮಾಡಿದ್ದಾರೆ. ಬೆಕ್ಕು ಒಳಗೆ ಹಿಡಿಸುವುದರಲ್ಲಿ ಯಾರಿಗೂ ಸಂಶಯವಿರಲಿಲ್ಲ, ಮನುಷ್ಯನೇ ಹಿಡಿಸುತ್ತಾನೆ. ಪ್ರಶ್ನೆ ಬೇರೆಯಿತ್ತು. ಸಿಂಹ ಬೆಕ್ಕಿನ ದೊಡ್ಡಪ್ಪ ಆಗಬೇಕು, ದೊಡ್ಡಪ್ಪನ ಬಾಯಿಯಲ್ಲಿ ಯಾರಾದರೂ ಮಲಗುತ್ತಾರೆಯೇ ಎಂದು ಒಬ್ಬಳು ಕೇಳಿದಳು. ಇದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ತೋಪು ಬಿದ್ದುಹೋಯಿತು.

ಹಾಲಿನ ವಿಷಯದಲ್ಲಿ ತಪ್ಪು ಮಾಡಿದವಳು ನಾನೇ, ಅದೂ ಕಥೆಯಲ್ಲಿ ಮಾತ್ರವಲ್ಲ. 2013ರಿಂದ ನಮ್ಮ ಶಾಲೆಗಳಲ್ಲಿ ಕ್ಷೀರಭಾಗ್ಯದ ಬಿಸಿ ಹಾಲು ಕೊಡುತ್ತಾರೆ. ಉಳಿದ ಹಾಲನ್ನು ಒಂದು ದಿನ ಬೆಕ್ಕಿಗೆ ಹಾಕೋಣವೆಂದು ನಾನೇ ತಟ್ಟೆಯಲ್ಲಿ ಸುರಿದೆ. ಬೆಕ್ಕು ಮೊದಲು ಮೂಸಿತು, ಬಳಿಕ ನನ್ನ ಮೇಲಿನ ದಾಕ್ಷಿಣ್ಯಕ್ಕೋ ಎಂಬಂತೆ ಅರ್ಧ ಕುಡಿಯಿತು. ಮಧ್ಯಾಹ್ನದ ಹೊತ್ತಿಗೆ ನಲಿ-ಕಲಿ ಕೋಣೆಯ ಮೂಲೆಯಲ್ಲಿ, ಅದೂ ಗಣಿತದ ಕಾರ್ಡುಗಳ ಟ್ರೇ ಪಕ್ಕದಲ್ಲಿ, ಅದರ ಹೊಟ್ಟೆ ಕೆಟ್ಟದ್ದಕ್ಕೆ ಸಾಕ್ಷಿ ಬಿದ್ದಿತ್ತು. ಫಿನಾಯಿಲ್ ಹಾಕಿ ಒರೆಸುವಾಗ ನಾನು ಮಕ್ಕಳಿಗೆ ಕಾರಣ ಹೇಳಿದೆ: ಮರಿಯಾಗಿದ್ದಾಗ ತಾಯಿಯ ಹಾಲು ಜೀರ್ಣವಾಗುವ ಹಾಗೆ ದೊಡ್ಡದಾದ ಮೇಲೆ ಹಾಲಿನ ಲ್ಯಾಕ್ಟೋಸ್ ಸಕ್ಕರೆ ಬಹಳಷ್ಟು ಬೆಕ್ಕುಗಳಿಗೆ ಜೀರ್ಣವಾಗುವುದಿಲ್ಲ. ಇನ್ನು ನನ್ನ ಕಥೆಯ ಬಟ್ಟಲಿಗೆ ಹಾಕಿದ ಸಕ್ಕರೆಯಂತೂ ಶುದ್ಧ ದಂಡ, ಏಕೆಂದರೆ ಬೆಕ್ಕಿನ ನಾಲಿಗೆಗೆ ಸಿಹಿಯ ರುಚಿಯೇ ತಿಳಿಯುವುದಿಲ್ಲ. ಸಿಹಿಯನ್ನು ಗುರುತಿಸುವ ಅಂಗಕ್ಕೆ ಬೇಕಾದ ಜೀನ್ ಅವುಗಳಲ್ಲಿ ಕೆಲಸ ಮಾಡುವುದಿಲ್ಲ. ಜಾಮೂನಿನ ರುಚಿ ಗೊತ್ತಿಲ್ಲದ ಪ್ರಾಣಿಯೊಂದು ಇದೆಯೆಂಬ ಸಂಗತಿ ಮಕ್ಕಳನ್ನು ಬಹಳ ಹೊತ್ತು ಸುಮ್ಮನಾಗಿಸಿತು.

ಬೆಕ್ಕು ನಿಜವಾಗಿ ಬರುತ್ತಿದ್ದುದು ಮೊಟ್ಟೆಗೆ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ 2021ರ ಡಿಸೆಂಬರಿನಿಂದ ಮಕ್ಕಳಿಗೆ ಬೇಯಿಸಿದ ಮೊಟ್ಟೆ ಕೊಡಲಾರಂಭಿಸಿದರು, ಬೇಡವೆಂದವರಿಗೆ ಬಾಳೆಹಣ್ಣು. ಮೊಟ್ಟೆಯ ದಿನ ಯಾವುದೆಂಬುದು ಬೆಕ್ಕಿಗೆ ನಮ್ಮ ಮುಖ್ಯ ಗುರುಗಳಿಗಿಂತ ಚೆನ್ನಾಗಿ ನೆನಪಿರುತ್ತಿತ್ತು. ಬಿಳಿಯ ಭಾಗ ತಿಂದು ಹಳದಿಯನ್ನು ಗುಟ್ಟಾಗಿ ಗೋಡೆಯ ಬದಿಗೆ ಉರುಳಿಸುವ ಮೂರು ಹುಡುಗರ ಹಿಂದೆಯೇ ಅದು ಕೂಡುತ್ತಿತ್ತು, ಬೇರೆ ಯಾರ ಹಿಂದೆಯೂ ಅಲ್ಲ. ಮಕ್ಕಳು ಹಳದಿ ತಿನ್ನಬೇಕೆಂದು ನಾನು ಗದರಿಸುವುದೂ, ಆ ಮೂವರು ತಲೆಯಾಡಿಸುವುದೂ, ಬೆಕ್ಕು ಬೇರೆ ಕಡೆ ನೋಡುತ್ತ ಬಾಲದ ತುದಿಯನ್ನಷ್ಟೇ ಅಲ್ಲಾಡಿಸುವುದೂ ವರ್ಷವಿಡೀ ನಡೆಯಿತು.

ಮುಂದಿನ ಜಗಳ ಹೆಸರಿನದು. ನನ್ನ ಕಥೆಯಲ್ಲಿ ಬೆಕ್ಕಿಗೆ ಹೆಸರಿರಲಿಲ್ಲ, ಯಾರೂ ಇಲ್ಲದ್ದಕ್ಕೆ ಹೆಸರೆಲ್ಲಿಂದ ಬರಬೇಕು ಎಂದು ನಾನು ಭಾವಿಸಿದ್ದೆ. ಅದನ್ನು ಕೇಳಿದ ಕೂಡಲೆ ಹೂವಿನವರ ಮಗಳು, "ಅದರ ಹೆಸರ ಗೌರವ್ವ ಐತ್ರೀ, ನಮ್ಮ ಮನ್ಯಾಗ ದಿನಾ ಬರತೈತಿ" ಎಂದಳು. ಸೈಕಲ್ ಅಂಗಡಿಯವರ ಮಗ, ಅದು ತಮ್ಮ ಸುಲ್ತಾನ್ ಎಂದ. ಹೊಲಿಗೆ ಯಂತ್ರದ ಮನೆಯವಳು, ತಮ್ಮ ಆಯಿ ಅದನ್ನು ಬೆಕ್ಕಿಗೆ ಮರಾಠಿಯಲ್ಲಿ ಮುದ್ದಾಗಿ ಅನ್ನುವ ಹಾಗೆ ಮನೀ ಎಂದು ಕರೆಯುತ್ತಾರೆ, ಅವರು ಮನೆಯಲ್ಲಿ ಮರಾಠಿ ಮಾತಾಡುತ್ತಾರಲ್ಲ ಎಂದಳು. ಚಹಾದಂಗಡಿಯಲ್ಲಿ ಅದಕ್ಕೆ ಸಾವಕಾರ್ತಿ ಎಂಬ ಹೆಸರು, ಗಲ್ಲಾಪೆಟ್ಟಿಗೆಯ ಮೇಲೆ ಕೂಡುವುದರಿಂದ. ಟಾಂಗಾದವರ ಲಾಯದಲ್ಲಿ ಅದು ಪೋಲೀಸ, ಹೊಟ್ಟಿನ ಚೀಲಕ್ಕೆ ಬರುವ ಇಲಿಗಳನ್ನು ಹಿಡಿಯುವುದರಿಂದ. ಒಂದೇ ಬೆಕ್ಕು ಎಂದು ಯಾರೂ ಒಪ್ಪಲಿಲ್ಲ. ಕೊನೆಗೆ ಎಡಗಿವಿಯ ತುದಿಯಲ್ಲಿರುವ ಹರಿದ ಗುರುತನ್ನೂ, ಬಲಗಣ್ಣಿನ ಸುತ್ತಲಿನ ಕಪ್ಪು ವೃತ್ತವನ್ನೂ ಎಲ್ಲರೂ ತಂತಮ್ಮ ಮನೆಯಲ್ಲಿ ನೋಡಿ ಬಂದು ಹೇಳಿದ ಮೇಲೆ, ನಾನು ಅನಾಥವೆಂದು ಬರೆದಿದ್ದ ಪ್ರಾಣಿಗೆ ಐದು ಹೆಸರುಗಳಿರುವುದು ಖಚಿತವಾಯಿತು.

ಸುಲ್ತಾನ್ ಎಂಬ ಹೆಸರಿಗೆ ಮಾತ್ರ ನಾನು ತಕರಾರು ತೆಗೆದೆ. ಬಿಳಿಯ ಮೈಮೇಲೆ ಕಪ್ಪು ಮತ್ತು ಕೆಂಪು ಎರಡೂ ಇರುವ ಬೆಕ್ಕು ಹೆಚ್ಚೂಕಡಿಮೆ ಯಾವಾಗಲೂ ಹೆಣ್ಣೇ ಆಗಿರುತ್ತದೆ. ಕೆಂಪು ಬಣ್ಣವನ್ನು ತರುವ ಜೀನ್ ಎಕ್ಸ್ ಕ್ರೋಮೋಸೋಮಿನ ಮೇಲಿದೆ. ಎರಡೂ ಬಣ್ಣ ಒಂದೇ ಮೈಮೇಲೆ ಮೂಡಬೇಕಾದರೆ ಸಾಮಾನ್ಯವಾಗಿ ಎರಡು ಎಕ್ಸ್ ಬೇಕು. ಇದನ್ನು ಏಳು ವರ್ಷದ ಹುಡುಗನಿಗೆ ಹೇಳುವುದು ಹೇಗೆಂದು ನಾನು ಯೋಚಿಸುತ್ತಿರುವಾಗಲೇ ಅವನು, "ಹಂಗಾರ ಚಾಂದಬೀಬಿ ಅಂತೀವ್ರಿ" ಎಂದು ಇತ್ಯರ್ಥ ಮಾಡಿದ. 1580ರಿಂದ ಹತ್ತು ವರ್ಷ, ಎರಡನೆಯ ಇಬ್ರಾಹಿಂ ಆದಿಲ್‌ಶಾಹ ಚಿಕ್ಕವನಿದ್ದಾಗ ಇದೇ ಊರಿನ ಆಡಳಿತ ನಡೆಸಿದ ರಾಣಿಯ ಹೆಸರು ಅದು. ಉಪ್ಪಲಿ ಬುರುಜನ್ನು ಕಟ್ಟಿದ್ದು 1584ರಲ್ಲಿ, ಅಂದರೆ ಅವಳ ಕಾಲದಲ್ಲಿಯೇ. ಹೀಗಾಗಿ ಆ ಹೆಸರನ್ನು ನಾನು ಸಂತೋಷದಿಂದ ಒಪ್ಪಿಕೊಂಡೆ.

ಅಷ್ಟಾದರೂ ಕಥೆಯ ಕೊನೆ ಹಾಗೆಯೇ ಇತ್ತು. ಇಷ್ಟು ಮನೆಗಳಲ್ಲಿ ಯಾವುದಾದರೂ ಒಂದು ಮನೆ ಬೆಕ್ಕನ್ನು ಶಾಶ್ವತವಾಗಿ ಇಟ್ಟುಕೊಳ್ಳಬೇಕು, ಆಗಲೇ ಕಥೆ ಮುಗಿಯುತ್ತದೆ ಎಂದು ನಾನು ಹಟ ಹಿಡಿದಿದ್ದೆ. ಆ ಹಟವನ್ನು ಬಿಡಿಸಿದವಳು ಮೊದಲ ದಿನ ಅಂಗಾಲು ನೋಡಿದ ಹುಡುಗಿ. ಅವಳ ತಂದೆತಾಯಿ ತಾಂಡಾದವರು. ಕಬ್ಬು ಕಡಿಯುವ ಹಂಗಾಮು ಶುರುವಾದರೆ ಗುಂಪಿನೊಂದಿಗೆ ಗುಳೆ ಹೋಗುತ್ತಾರೆ. ಮರಳುವುದು ಬೇಸಿಗೆಯ ಹೊತ್ತಿಗೆ. ಅಷ್ಟು ತಿಂಗಳು ಅವಳು ನಮ್ಮ ಓಣಿಯಲ್ಲಿ ತಗಡಿನ ಮನೆಯೊಂದರಲ್ಲಿ ಅಜ್ಜಿಯ ಜೊತೆ ಇರುತ್ತಾಳೆ. ನಾನು "ಮನೆಯಿಲ್ಲದ ಬೆಕ್ಕು" ಎಂಬ ಸಾಲನ್ನು ಓದಿದಾಗ ಅವಳು ಕೈ ಎತ್ತದೆ, ತನ್ನಷ್ಟಕ್ಕೆ ತಾನೇ ಎನ್ನುವಂತೆ, "ಮನಿ ಇಲ್ಲ ಅಂತ ಬರೀಬ್ಯಾಡ್ರೀ ಅಕ್ಕೋರ. ಅದು ದುಡ್ಯಾಕ ಹೋಗಿರತೈತಿ" ಎಂದಳು. ಯಾರೂ ನಗಲಿಲ್ಲ. ನಾನು ಆ ಹಾಳೆಯನ್ನು ಮಡಚಿ ಪರ್ಸಿನೊಳಗೆ ಇಟ್ಟುಕೊಂಡು ಅವತ್ತು ಪಾಠಕ್ಕೆ ಹಿಂತಿರುಗಿದೆ.

ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ರಜೆ ಮುಗಿಸಿ ಬಂದಾಗ ಬೆಕ್ಕು ನಾಲ್ಕು ದಿನ ಕಾಣಲಿಲ್ಲ. ಐದನೆಯ ದಿನ ಬಂದಾಗ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಆಟದ ಸಾಮಾನಿನ ಕೋಣೆಯಲ್ಲಿ, ಹರಿದ ಭೂಪಟಗಳನ್ನು ಸುರುಳಿ ಸುತ್ತಿ ಇಟ್ಟ ಪೆಟ್ಟಿಗೆಯೊಳಗೆ ಕಣ್ಣು ತೆರೆಯದ ಮೂರು ಮರಿಗಳಿದ್ದವು. ಇಷ್ಟು ಸಣ್ಣ ಮರಿಗಳು ಕಣ್ಣು ಬಿಡುವುದಕ್ಕೆ ವಾರದಿಂದ ಹತ್ತು ದಿನ ಬೇಕು, ಅಲ್ಲಿಯವರೆಗೆ ಆ ಕಡೆ ಸುಳಿಯಬಾರದು ಎಂದು ನಾನು ಎಷ್ಟು ಹೇಳಿದರೂ ಮಕ್ಕಳು ಕೇಳಬೇಕಲ್ಲ. ಮರುದಿನವೇ ಬೆಕ್ಕು ಒಂದೊಂದು ಮರಿಯ ಕುತ್ತಿಗೆಯ ಹಿಂದಿನ ಸಡಿಲ ಚರ್ಮವನ್ನು ಹಲ್ಲಿನಲ್ಲಿ ಹಿಡಿದು ಕಂಪೌಂಡ್ ದಾಟಿತು. ಹಾಗೆ ಹಿಡಿದಾಗ ಮರಿ ಕಾಲು ಮಡಚಿಕೊಂಡು, ಒದ್ದೆ ಬಟ್ಟೆಯ ಗಂಟಿನಂತೆ ಜೋತುಬೀಳುತ್ತದೆ, ಒದ್ದಾಡುವುದಿಲ್ಲ, ಕೂಗುವುದಿಲ್ಲ. ಮೂರನೆಯ ಮರಿಯನ್ನು ಒಯ್ಯಲು ಅದು ಮರಳಿ ಬಂದಾಗ ನಾವೆಲ್ಲ ಕಿಟಕಿಯ ಸರಳಿಗೆ ಮೂಗು ಹಚ್ಚಿ ನಿಂತಿದ್ದೆವು.

"ಬೆಕ್ಕ ತನ್ನ ಮರೀಗೆ ಏಳ ಮನಿ ತೋರಸ್ತೈತಿ" ಎಂದು ಅಡುಗೆಯ ಅಕ್ಕ ಹೇಳಿದರು. ನಾವೆಲ್ಲ ಚಿಕ್ಕಂದಿನಲ್ಲಿ ಕೇಳಿದ ಮಾತೇ. ಜನ, ನಾಯಿ, ಗಂಡುಬೆಕ್ಕು, ವಾಸನೆ, ಹೀಗೆ ಯಾವುದಾದರೂ ಅಪಾಯವೆನಿಸಿದಾಗ ತಾಯಿ ಜಾಗ ಬದಲಿಸುತ್ತದೆ; ಅದಕ್ಕೆ ಏಳೆಂಬ ಲೆಕ್ಕವೇನೂ ಇರುವುದಿಲ್ಲ. ಆದರೆ ಮಕ್ಕಳಿಗೆ ಆ ಲೆಕ್ಕವೇ ಬೇಕಾಗಿತ್ತು. ಅವರು ಕಪ್ಪುಹಲಗೆಯ ಮೂಲೆಯಲ್ಲಿ ಬೆಕ್ಕಿನ ಮನೆಗಳನ್ನು ಬರೆದು ಎಣಿಸಲು ತೊಡಗಿದರು. ಹೂವಿನ ಮನೆ, ಚಹಾದಂಗಡಿ, ಸೈಕಲ್ ಅಂಗಡಿ, ಹೊಲಿಗೆ ಮನೆ, ಲಾಯ, ತಗಡಿನ ಮನೆ. ಆರೇ ಆದವು. ಏಳನೆಯದು ಉಪ್ಪಲಿ ಬುರುಜು ಎಂದು ಟಾಂಗಾದವರ ಮಗ ಸೂಚಿಸಿದ. ಅಲ್ಲಿ ಯಾರೂ ಇರುವುದಿಲ್ಲವಲ್ಲ ಎಂದರೆ, "ಬೆಕ್ಕ ಇರತೈತಲ್ರೀ" ಎಂದ.

ಇನ್ನೊಂದು ಮಾತು ಮಕ್ಕಳ ತಂದೆತಾಯಿಗಳು ಓದಲೆಂದು ಬರೆಯುತ್ತೇನೆ. ಮರಿಗಳಿದ್ದ ಆ ವಾರ ಒಬ್ಬ ಹುಡುಗನ ಮುಂಗೈಗೆ ಬೆಕ್ಕು ಪರಚಿತು. ನಲ್ಲಿಯ ಕೆಳಗೆ ಸಾಬೂನು ಹಚ್ಚಿ ಪೂರ್ತಿ 15 ನಿಮಿಷ ತೊಳೆದು, ಅವನನ್ನು ಆಸ್ಪತ್ರೆಗೆ ಕರೆದೊಯ್ದು ರೇಬಿಸ್ ಲಸಿಕೆ ಕೊಡಿಸಿದೆವು. ಮುಂದಿನ ಸೂಜಿಗಳಿಗೂ ದಿನ ತಪ್ಪದೆ ಹೋಗಿಬಂದ. ಗಾಯಕ್ಕೆ ಅರಿಸಿನ ಮೆತ್ತಿದರೆ ಸಾಕೆಂದ ಹಿರಿಯರೂ ಇದ್ದರು. ಬೆಕ್ಕನ್ನು ಶಾಲೆಗೆ ಬಿಡಬಾರದೆಂಬ ಮಾತೂ ಬಂತು, ಅದರಲ್ಲಿ ನ್ಯಾಯವೂ ಇತ್ತು. ಪರಚಿಸಿಕೊಂಡ ಹುಡುಗನೇ ಅದಕ್ಕೆ ಅಡ್ಡಬಂದ. ಕಥೆಯಲ್ಲಿ ಬೆಕ್ಕು ಪರಚಬೇಕು, ತನ್ನದೇ ಕೈಗೆ ಪರಚಬೇಕು ಎಂಬುದೊಂದೇ ಅವನ ಷರತ್ತಾಗಿತ್ತು. ಆದರೆ ಆ ಸಾಲನ್ನು ಯಾವ ಮನೆಯಲ್ಲಿ ಸೇರಿಸಬೇಕೆಂಬುದು ಇತ್ಯರ್ಥವಾಗದೆ ಅದು ಬಾಕಿ ಉಳಿದಿದೆ.

ಬೆಕ್ಕು ಕಥೆಯಲ್ಲಿ ಮಾತಾಡಬೇಕೇ ಬೇಡವೇ ಎಂಬುದು ನನ್ನೊಬ್ಬಳ ಚಿಂತೆಯಾಗಿತ್ತು. ಮೊದಲ ಕಥೆಯಲ್ಲಿ ಅದು ಗ್ರಂಥದ ಕನ್ನಡದಲ್ಲಿ ಸ್ವಗತವನ್ನೇ ಹೇಳುತ್ತಿತ್ತು. ಬೆಳೆದ ಬೆಕ್ಕುಗಳು ತಮ್ಮತಮ್ಮೊಳಗೆ ಮಿಯಾಂವ್ ಎನ್ನುವುದು ಬಹಳ ಅಪರೂಪ. ಮರಿಯಿದ್ದಾಗ ತಾಯಿಯನ್ನು ಕರೆಯಲು ಬಳಸಿದ ಆ ಕೂಗನ್ನು ದೊಡ್ಡವಾದ ಮೇಲೆ ಮನುಷ್ಯರೊಂದಿಗೆ ಮಾತ್ರ ಬಳಸುತ್ತವೆ. ಅಂದಮೇಲೆ ಆ ಒಂದೇ ಶಬ್ದ ನಮಗಾಗಿಯೇ ಇಟ್ಟದ್ದು. ಕನ್ನಡ, ದಖನಿ, ಮರಾಠಿ, ಲಂಬಾಣಿ ಎಲ್ಲವೂ ಒಂದೇ ಓಣಿಯಲ್ಲಿ ಕೇಳಿಬರುವ ಊರು ನಮ್ಮದು; ಪ್ರತಿಯೊಂದು ಮನೆಯವರೂ ಬೆಕ್ಕು ತಮ್ಮ ಭಾಷೆಯಲ್ಲಿಯೇ ಉತ್ತರ ಕೊಟ್ಟಿತೆಂದು ನಂಬುತ್ತಾರೆ. ಆದ್ದರಿಂದ ಬೆಕ್ಕಿನ ಬಾಯಿಯಿಂದ ಮಿಕ್ಕ ಮಾತನ್ನೆಲ್ಲ ತೆಗೆದುಹಾಕಿದೆ. ಫೆಬ್ರವರಿಯ ಕೊನೆಗೆ ಕಥೆ ಹೀಗೆ ನಿಂತಿತು.

ಏಳು ಮನೆಯ ಬೆಕ್ಕು

ವಿಜಯಪುರದಲ್ಲಿ ಒಂದು ಬೆಕ್ಕು ಇತ್ತು. ಅದರ ಮೈಮೇಲೆ ಬಿಳಿ, ಕಪ್ಪು, ಕೆಂಪು, ಹೀಗೆ ಮೂರು ಬಣ್ಣಗಳಿದ್ದವು. ಮುಂಗಾಲಿಗೆ ಐದೈದು, ಹಿಂಗಾಲಿಗೆ ನಾಲ್ಕು ನಾಲ್ಕು, ಒಟ್ಟು 18 ಉಗುರುಗಳಿದ್ದವು. ನಾಲ್ಕು ಕಾಲುಗಳಲ್ಲಿ ಯಾವುದೂ ಸುಟ್ಟಿರಲಿಲ್ಲ.

ಹೊತ್ತು ಹುಟ್ಟುವ ಮೊದಲೇ ಬೆಕ್ಕು ಹೂವಿನ ಮನೆಗೆ ಹೋಗುತ್ತಿತ್ತು. ಅಲ್ಲಿ ಅಜ್ಜಿ ಮಲ್ಲಿಗೆ ಕಟ್ಟುತ್ತಿದ್ದಳು. ಬೆಕ್ಕು ದಾರದ ತುದಿಯನ್ನು ಹಿಡಿದು ಎಳೆಯುತ್ತಿತ್ತು. "ಗೌರವ್ವಾ, ಬಿಡ ನಮ್ಮವ್ವಾ" ಎಂದು ಅಜ್ಜಿ ಹೇಳುತ್ತಿದ್ದಳು. ಬೆಕ್ಕು "ಮಿಯಾಂವ್" ಎನ್ನುತ್ತಿತ್ತು. ಬಿಟ್ಟೆ ಎಂದಿತು ಎಂದು ಅಜ್ಜಿ ತಿಳಿದಳು. ಅದು ಬಿಟ್ಟಿರಲಿಲ್ಲ.

ಬಿಸಿಲು ಬಂದಾಗ ಬೆಕ್ಕು ಚಹಾದಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಕೂಡುತ್ತಿತ್ತು. ಗಿರಾಕಿಗಳು ಅದರ ಬಾಲದ ಕೆಳಗಿನಿಂದ ಚಿಲ್ಲರೆ ತೆಗೆದುಕೊಳ್ಳುತ್ತಿದ್ದರು. "ಸಾವಕಾರ್ತಿ, ಏಳ್ರಿ ಮ್ಯಾಲೆ" ಎಂದು ಅಂಗಡಿಯ ಕಾಕಾ ಹೇಳುತ್ತಿದ್ದ. "ಮಿಯಾಂವ್." ವ್ಯಾಪಾರ ಎಷ್ಟಾತು ಎಂದು ಕೇಳಿತು ಎಂದು ಕಾಕಾ ತಿಳಿದ. "ಇನ್ನೂ ಬೋಣಿನ ಆಗಿಲ್ರೀ" ಎಂದ.

ಸೈಕಲ್ ಅಂಗಡಿಯಲ್ಲಿ ಬೆಕ್ಕು ಟಯರಿನ ಒಳಗೆ ಸುತ್ತಿಕೊಂಡು ಮಲಗುತ್ತಿತ್ತು. "ಚಾಂದಬೀಬಿ, ಕ್ಯಾ ಹೋನಾ?" ಎಂದು ಚಾಚಾ ಕೇಳುತ್ತಿದ್ದ. "ಮಿಯಾಂವ್." ಖೀಮಾ ಬೇಕು ಎಂದಿತು ಎಂದು ಚಾಚಾ ತಿಳಿದ. ಈ ಒಂದು ಸಲ ಮಾತ್ರ ಅವನು ತಿಳಿದದ್ದು ಸರಿಯಿತ್ತು.

ಹೊಲಿಗೆ ಮನೆಯಲ್ಲಿ ಚಿಂದಿ ಬಟ್ಟೆಯ ರಾಶಿಯಿತ್ತು. ಬೆಕ್ಕು ಕೆಂಪು ಚಿಂದಿಯ ಮೇಲೆ ಮಲಗಿದರೆ ಅದರ ಕೆಂಪು ಕಾಣುತ್ತಿರಲಿಲ್ಲ, ಕಪ್ಪು ಚಿಂದಿಯ ಮೇಲೆ ಮಲಗಿದರೆ ಕಪ್ಪು ಕಾಣುತ್ತಿರಲಿಲ್ಲ. ಆಯಿ ಕತ್ತರಿ ಹಿಡಿದು, "ಮನೀ, ಎಲ್ಲಿದ್ದೀ?" ಎಂದು ಮರಾಠಿಯಲ್ಲಿ ಕೇಳುತ್ತಿದ್ದಳು. ಕತ್ತರಿ ಇದ್ದಾಗ ಬೆಕ್ಕು ತಪ್ಪದೆ ಉತ್ತರ ಕೊಡುತ್ತಿತ್ತು.

ಹೊತ್ತು ಇಳಿದಾಗ ಟಾಂಗಾ ಲಾಯಕ್ಕೆ ಬರುತ್ತಿತ್ತು. ಬೆಕ್ಕು ಹೊಟ್ಟಿನ ಚೀಲದ ಹಿಂದೆ ಕೂಡುತ್ತಿತ್ತು. ಇಲಿ ಬಂದರೆ ಅದು ಪೋಲೀಸ. ಇಲಿ ಬರದಿದ್ದರೆ ಸುಮ್ಮನೆ ಬೆಕ್ಕು. ಒಂದು ದಿನ ಅದು ಕುದುರೆಯ ಕಡೆ ನೋಡಿ "ಮಿಯಾಂವ್" ಎಂದಿತು. ಕುದುರೆ ಏನು ತಿಳಿಯಿತು ಎಂಬುದು ಯಾರಿಗೂ ಗೊತ್ತಿಲ್ಲ.

ರಾತ್ರಿ ಬೆಕ್ಕು ತಗಡಿನ ಮನೆಗೆ ಹೋಗುತ್ತಿತ್ತು. ಅಲ್ಲಿ ಒಬ್ಬಳು ಹುಡುಗಿ, ಒಬ್ಬಳು ಅಜ್ಜಿ. ಅಲ್ಲಿ ಬೆಕ್ಕಿಗೆ ಹೆಸರಿರಲಿಲ್ಲ. "ಬಾ" ಎಂದರೆ ಬರುತ್ತಿತ್ತು. ಹುಡುಗಿ ಕೂಡುವ ಲೆಕ್ಕ ಮಾಡುವಾಗ ಬೆಕ್ಕು ಪಾಟಿಯ ಮೇಲೆ ಕೂತು, ದಶಕದ ಮನೆಯನ್ನು ಮುಚ್ಚಿಬಿಡುತ್ತಿತ್ತು. ಕೆಲವು ದಿನ ಬೆಕ್ಕು ಬರುತ್ತಿರಲಿಲ್ಲ. ಹುಡುಗಿ ಬಾಗಿಲ ಕಡೆ ನೋಡುತ್ತಿದ್ದಳು. "ದುಡ್ಯಾಕ ಹೋಗೈತಿ, ಬರತೈತಿ" ಎಂದು ಅಜ್ಜಿ ಹೇಳುತ್ತಿದ್ದಳು. ಅಜ್ಜಿ ಬಾಗಿಲಿಗೆ ಅಗಳಿ ಹಾಕುತ್ತಿರಲಿಲ್ಲ.

ಎಲ್ಲರೂ ಮಲಗಿದ ಮೇಲೆ ಬೆಕ್ಕು ಉಪ್ಪಲಿ ಬುರುಜಿನ ಮೆಟ್ಟಿಲು ಹತ್ತುತ್ತಿತ್ತು. ಬುರುಜು ದುಂಡಗಿತ್ತು. ಮೆಟ್ಟಿಲುಗಳು ಅದರ ಹೊರಗಿನಿಂದ ಸುತ್ತಿಕೊಂಡು ಮೇಲೆ ಹೋಗುತ್ತಿದ್ದವು, ಬೆಕ್ಕಿನ ಬಾಲ ಬೆಕ್ಕನ್ನು ಸುತ್ತಿಕೊಳ್ಳುವ ಹಾಗೆ. ಮೇಲೆ ಉದ್ದನೆಯ ಹಳೆಯ ತೋಪುಗಳಿದ್ದವು. ಅಲ್ಲಿಂದ ನೋಡಿದರೆ ಹೂವಿನ ಮನೆ, ಚಹಾದಂಗಡಿ, ಸೈಕಲ್ ಅಂಗಡಿ, ಹೊಲಿಗೆ ಮನೆ, ಲಾಯ, ತಗಡಿನ ಮನೆ, ಆರೂ ಕಾಣುತ್ತಿದ್ದವು. ನಮಗಾದರೆ ಕತ್ತಲೆಯಲ್ಲಿ ಕಾಣುವುದಿಲ್ಲ. ಬೆಕ್ಕಿನ ಕಣ್ಣಿನೊಳಗೆ ಹಿಂಬದಿಯಲ್ಲಿ ಕನ್ನಡಿಯಂಥ ಪದರ ಇರುವುದರಿಂದ ಅದಕ್ಕೆ ಕಾಣುತ್ತದೆ. ಅಲ್ಲಿ ಯಾರೂ ಅದನ್ನು ಯಾವ ಹೆಸರಿನಿಂದಲೂ ಕರೆಯುತ್ತಿರಲಿಲ್ಲ. ಬೆಕ್ಕು ಏನೂ ಅನ್ನದೆ ಕೂಡುತ್ತಿತ್ತು. ಮಲ್ಲಿಗೆಯ ವಾಸನೆ ಬಂದಾಗ ಇಳಿಯುತ್ತಿತ್ತು.

ಇಷ್ಟೇ ಕಥೆ. ಮಕ್ಕಳು ಚಿತ್ರ ಬರೆದರು, ನಾನು ದಪ್ಪ ಅಕ್ಷರದಲ್ಲಿ ಬರೆದೆ, ಜೆರಾಕ್ಸ್ ಮಾಡಿಸಿ ಸೂಜಿದಾರದಿಂದ ಹೊಲಿದು ಹನ್ನೆರಡು ಪ್ರತಿ ಮಾಡಿದೆವು. ಹೊಲಿಗೆಯನ್ನು ಆಯಿಯೇ ಹಾಕಿಕೊಟ್ಟರು. ಕುದುರೆಯ ಪುಟದಲ್ಲಿ ಟಾಂಗಾದವರ ಮಗ ಬರೆದ ಕುದುರೆ ಬೆಕ್ಕಿಗಿಂತ ಸಣ್ಣದಾಗಿದೆ; ದೂರ ನಿಂತಿದೆ ಎಂಬುದು ಅವನ ಸಮರ್ಥನೆ. ಒಂದು ಪ್ರತಿ ತಗಡಿನ ಮನೆಗೆ ಹೋಯಿತು. ಮಾರ್ಚಿಯಲ್ಲಿ ಊರಿಗೆ ಮರಳಿದ ಆ ಹುಡುಗಿಯ ತಾಯಿ ಶಾಲೆಗೆ ಬಂದು, ಪುಸ್ತಕದಲ್ಲಿ ತಾನು ಯಾವ ಪುಟದಲ್ಲಿದ್ದೇನೆ ತೋರಿಸಿ ಎಂದು ಕೇಳಿದಳು. ಮಗಳು ಪುಟ ತೆರೆದು ಅಗಳಿ ಹಾಕದ ಬಾಗಿಲಿನ ಚಿತ್ರದ ಮೇಲೆ ಬೆರಳಿಟ್ಟಳು. ಬಾಗಿಲಿನ ಆಚೆಗೆ ಬರೀ ಕಪ್ಪು ಬಣ್ಣ ಹಚ್ಚಿದ್ದಳು. ತಾಯಿ ಅದನ್ನೇ ಬಹಳ ಹೊತ್ತು ನೋಡಿದಳು.

ಈಗ ಉಳಿದಿರುವ ಸಮಸ್ಯೆ ಅಡುಗೆಯ ಅಕ್ಕನದು. ಪುಸ್ತಕವನ್ನು ಮಗನ ಕೈಯಿಂದ ಓದಿಸಿಕೊಂಡು ಮರುದಿನ ಅವರು ನನ್ನನ್ನು ನಿಲ್ಲಿಸಿದರು. "ಎಲ್ಲಾರ ಮನೀನೂ ಬರದೀರಿ. ಕಾಲ ಸುಟ್ಟ ಬೆಕ್ಕ ಅಂತ ಮೊದಲ ಅಂದಾಕಿ ನಾನು. ವರ್ಷಾ ಮೊಟ್ಟಿ ಹಾಕಿದಾಕಿ ನಾನು. ನನ್ನ ಒಲಿ ಎಲ್ಲೈತ್ರೀ?" ಎಂದು ಕೇಳಿದರು. ಮೊಟ್ಟೆ ಹಾಕಿದವರು ಆ ಮೂರು ಹುಡುಗರು ಎಂದು ಹೇಳುವ ಧೈರ್ಯ ನನಗಾಗಲಿಲ್ಲ. ಸೇರಿಸೋಣವೆಂದು ಮಕ್ಕಳ ಮುಂದೆ ಪ್ರಸ್ತಾಪ ಇಟ್ಟರೆ, ಹಾಗೆ ಮಾಡಿದರೆ ಎಂಟು ಮನೆ ಆಗುತ್ತವೆ, ಬೆಕ್ಕಿಗೆ ಏಳೇ ಇರಬೇಕು ಎಂದು ಒಂದೇ ದನಿಯಲ್ಲಿ ತಳ್ಳಿಹಾಕಿದರು. ಯಾರೂ ವಾಸವಿಲ್ಲದ ಆ ಬುರುಜನ್ನು ತೆಗೆದುಹಾಕಿದರಾಯಿತು ಎಂಬುದು ಅಡುಗೆಯ ಅಕ್ಕನ ಸಲಹೆ. ಆ ಮಾತು ಕಿವಿಗೆ ಬಿದ್ದಾಗಿನಿಂದ ಟಾಂಗಾದವರ ಮಗ ಅವರ ಕೈಯಿಂದ ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತಿಲ್ಲ.